ಹದಿನಾಲ್ಕು ಗುಂಡಿಗಳ ಸಾಕ್ಷಿ

ಸರ್ಕಾರಿ ಡಾಕ್ಟರರ ವರದಿಯಲ್ಲಿ ಹನ್ನೊಂದು ಸಾಲುಗಳಿದ್ದವು. ನಾಲ್ಕನೇ ಸಾಲು ಹೀಗಿತ್ತು: "ಅರ್ಜಿದಾರಳು ಅಚ್ಚುಕಟ್ಟಾಗಿ ಉಡುಪು ಧರಿಸಿ ಬಂದಿದ್ದಾಳೆ. ಗುಂಡಿಗಳೆಲ್ಲ ಸರಿಯಾಗಿ ಹಾಕಿವೆ."

ಆ ಗುಂಡಿಗಳನ್ನು ಹಾಕಿದವಳು ನಾನು.

ಒಟ್ಟು ಹದಿನಾಲ್ಕು. ಕುತ್ತಿಗೆಯಿಂದ ಮೊಣಕಾಲಿನವರೆಗೆ ಒಂದೇ ಸಾಲು. ಒಂದೊಂದೂ ಬಟಾಣಿಯಷ್ಟು, ಗೌನಿನದೇ ನೇರಳೆ ಬಟ್ಟೆ ಸುತ್ತಿದ್ದು. ನಾನು ಹಾಕಲು ತೆಗೆದುಕೊಂಡದ್ದು ಎರಡು ನಿಮಿಷ. ಸರ್ಕಾರ ಅದನ್ನು ಓಜೆಲ್ಲಾಳ ಲೆಕ್ಕಕ್ಕೆ ಬರೆದುಕೊಂಡಿತು.

ಓಜೆಲ್ಲಾ ಟ್ರಿಪ್ಲೆಟ್ ನನ್ನ ಗಂಡನ ತಂಗಿ. ಗಂಡ ತೀರಿಕೊಂಡಿದ್ದಾನೆ, ನಾದಿನಿ ಪಕ್ಕದ ಮನೆಯಲ್ಲೇ ಉಳಿದಿದ್ದಾಳೆ. ಮಿಸಿಸಿಪ್ಪಿಯ ನಮ್ಮ ಊರಿನಲ್ಲಿ ಎರಡು ಬಗೆಯ ಕೆಲಸವಿದೆ. ಕ್ಯಾಟ್‌ಫಿಶ್ ಕೊಯ್ಯುವುದು, ಕ್ಯಾಟ್‌ಫಿಶ್ ಕೊಯ್ದವರನ್ನು ನೋಡಿಕೊಳ್ಳುವುದು. ಮೊದಲನೆಯದಕ್ಕೆ ಸಂಬಳವಿದೆ. ಓಜೆಲ್ಲಾ ಇಪ್ಪತ್ತಮೂರು ವರ್ಷ ಆ ಸಂಬಳ ತೆಗೆದುಕೊಂಡಳು. ಕಾರ್ಖಾನೆಯ ಒದ್ದೆ ನೆಲದ ಮೇಲೆ ನಿಲ್ಲಬೇಕು. ಮಂಜುಗಡ್ಡೆಯಲ್ಲಿ ಹೂತಿಟ್ಟ ಮೀನು ಬೆಲ್ಟಿನ ಮೇಲೆ ಬರುತ್ತದೆ. ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಕೊಯ್ಯಿ, ತಿರುಗಿಸು, ಕೊಯ್ಯಿ. ನಿಮಿಷಕ್ಕೆ ಎಂಟು ಮೀನು. ಮೂತ್ರಕ್ಕೆ ಹೋಗಬೇಕಾದರೆ ಶಾಲೆಯ ಮಕ್ಕಳಂತೆ ಕೈ ಎತ್ತಬೇಕು. ಮೇಲ್ವಿಚಾರಕ ನೋಡಿದರೆ ಪುಣ್ಯ.

ಇಪ್ಪತ್ತಮೂರು ವರ್ಷದ ಕೊನೆಗೆ ಅವಳ ಬಲಗೈ ಹೀಗಿತ್ತು. ಹೆಬ್ಬೆರಳ ಬುಡದಲ್ಲಿ ಇರಬೇಕಾದ ಮಾಂಸದ ದಿಂಡು ಕರಗಿ ಗುಳಿ ಬಿದ್ದಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಉಂಗುರದ ಬೆರಳು ಮಡಚಿದರೆ ಬಿಚ್ಚುತ್ತಿರಲಿಲ್ಲ. ಇನ್ನೊಂದು ಕೈಯಿಂದ ಹಿಡಿದೆಳೆದರೆ ಟಕ್ಕೆಂದು ಸದ್ದು ಮಾಡಿ ಬಿಚ್ಚಿಕೊಳ್ಳುತ್ತಿತ್ತು. "ಎಡಗೈ ಇದರ ತಂಗಿ. ಅಕ್ಕನ ದಾರಿಯಲ್ಲೇ ಇದೆ, ಒಂದೆರಡು ವರ್ಷ ಹಿಂದೆ ಅಷ್ಟೆ" ಎನ್ನುತ್ತಿದ್ದಳು ಓಜೆಲ್ಲಾ.

ಕಾರ್ಖಾನೆಯ ನರ್ಸು ಪ್ರತಿ ಬಾರಿ ನೋವಿನ ಮಾತ್ರೆ ಎರಡು ಕೊಟ್ಟು, "ವಯಸ್ಸಿನ ನೋವು, ಕೆಲಸಕ್ಕೆ ಮರಳಿದಳು" ಎಂದು ಬರೆದಳು. ಕೆಲಸದಿಂದ ಆದ ಗಾಯಕ್ಕೆ ಪರಿಹಾರ ಕೇಳಲು ಒಂದು ಗಡುವು ಇರುತ್ತದೆ ಎಂದು ಓಜೆಲ್ಲಾಳಿಗೆ ತಿಳಿದಾಗ ಅದು ಮುಗಿದಿತ್ತು. ಒಂದು ವಾರದಲ್ಲಿ ಮೂರು ಬಾರಿ ಚಾಕು ಜಾರಿ ಬಿತ್ತು. ಮೂರನೇ ಬಾರಿ ಬಿದ್ದದ್ದು ಮೇಲ್ವಿಚಾರಕನ ಬೂಟಿನ ಪಕ್ಕ. ಆ ದಿನವೇ ಕೆಲಸ ಹೋಯಿತು. ಕೆಲಸದ ಜೊತೆ ಆರೋಗ್ಯ ವಿಮೆ ಹೋಯಿತು.

ಇಲ್ಲಿಂದ ಮುಂದಿನದು ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಕಥೆ. ಅಂಗವಿಕಲತೆಯ ಪಿಂಚಣಿ ಸಿಗಬೇಕಾದರೆ ಡಾಕ್ಟರರ ಕಾಗದ ಬೇಕು. ಡಾಕ್ಟರನ್ನು ಕಾಣಲು ವಿಮೆ ಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರಿ ವಿಮೆ ಸಿಗಬೇಕಾದರೆ ಮನೆಯಲ್ಲಿ ಚಿಕ್ಕ ಮಕ್ಕಳಿರಬೇಕು, ಇಲ್ಲವೇ ಅರವತ್ತೈದಾಗಿರಬೇಕು, ಇಲ್ಲವೇ ಅಂಗವಿಕಲೆ ಎಂದು ಸಾಬೀತಾಗಿರಬೇಕು. ಓಜೆಲ್ಲಾಳ ಮಕ್ಕಳಿಗೇ ಮಕ್ಕಳಾಗಿವೆ. ಅವಳಿಗೆ ನಲವತ್ತೆಂಟು. ಸರ್ಕಾರದ ಕಾನೂನಿನಲ್ಲಿ ಐವತ್ತರ ಒಳಗಿನವರನ್ನು 'ಕಿರಿಯರು' ಎಂದು ಕರೆಯುತ್ತಾರೆ. ಮೊದಲ ಅರ್ಜಿ 'ವೈದ್ಯಕೀಯ ಪುರಾವೆ ಸಾಲದು' ಎಂದು ತಿರುಗಿ ಬಂದಾಗ ಅವಳು ಓದಿ ಸಂತೋಷಪಟ್ಟದ್ದು ಅದರಲ್ಲಿದ್ದ 'ಕಿರಿಯರು' ಎಂಬ ಒಂದು ಪದಕ್ಕೆ.

"ನೋಡೇ ಕ್ಲಿಯೋ, ನಾನಿನ್ನೂ ಚಿಕ್ಕವಳಂತೆ. ಸೀಲು ಹಾಕಿ ಕಳಿಸಿದಾರೆ."

ಎರಡನೇ ಬಾರಿ ಕೇಳಿದಾಗ ಸರ್ಕಾರವೇ ತನ್ನ ಖರ್ಚಿನಲ್ಲಿ ಒಬ್ಬ ಡಾಕ್ಟರರ ಬಳಿಗೆ ಕಳಿಸಿತು. ನಲವತ್ತು ಮೈಲಿ ದೂರ. ನಾವು ತಪ್ಪು ಮಾಡಿದ್ದು ಅಲ್ಲಿ.

ನಮ್ಮವರು ಡಾಕ್ಟರ ಬಳಿಗೆ, ಬ್ಯಾಂಕಿಗೆ, ಕೋರ್ಟಿಗೆ ಭಾನುವಾರ ಚರ್ಚಿಗೆ ತೊಡುವ ಉಡುಪಿನಲ್ಲೇ ಹೋಗುತ್ತಾರೆ. ಮಾಸಿದ ಬಟ್ಟೆಯಲ್ಲಿ ಹೋದರೆ ಬಾಗಿಲಲ್ಲೇ ನಿಲ್ಲಿಸಿದ ಕಾಲ ನಮ್ಮ ತಾಯಂದಿರಿಗೆ ನೆನಪಿತ್ತು; ನೆನಪನ್ನು ನಮಗೆ ಇಸ್ತ್ರಿ ಮಾಡಿ ಕೊಟ್ಟು ಹೋಗಿದ್ದಾರೆ. ನಾನು ಓಜೆಲ್ಲಾಳಿಗೆ ನೇರಳೆ ಗೌನು ತೊಡಿಸಿದೆ. ಹದಿನಾಲ್ಕು ಗುಂಡಿ ಹಾಕಿದೆ. ಕೂದಲು ಕಟ್ಟಿದೆ. ಕಿವಿಗೆ ಮುತ್ತು, ತಲೆಗೆ ಹ್ಯಾಟು. ತುಟಿಗೆ ಬಣ್ಣ ಹಚ್ಚಿದ್ದೂ ನಾನೇ.

ಡಾಕ್ಟರ್ ಪ್ರೂಯಿಟ್ ಕಾಗದದಿಂದ ತಲೆ ಎತ್ತಲಿಲ್ಲ. "ಹೇಗಿದ್ದೀರಿ, ಮಿಸ್ ಟ್ರಿಪ್ಲೆಟ್?"

"ದೇವರ ದಯೆ, ಡಾಕ್ಟ್ರೇ. ಯಾವ ಕೊರತೆನೂ ಇಲ್ಲ. ನೀವು ಹೇಗಿದ್ದೀರಿ? ಮನೇಲೆಲ್ಲ ಸೌಖ್ಯನಾ?"

ನಮ್ಮಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಸಾಯುವ ಮಂಚದಿಂದಲೂ ಹಾಗೆಯೇ ಹೇಳುತ್ತಾರೆ. ಡಾಕ್ಟರು ಬರೆದುಕೊಂಡರು.

"ಮನೆಯಲ್ಲಿ ಏನೇನು ಕೆಲಸ ಮಾಡ್ತೀರಿ?"

"ಎಲ್ಲಾನೂ ಮಾಡ್ತೀನಿ ಸರ್. ನಾನು ಮಾಡದೆ ಇನ್ಯಾರು ಮಾಡ್ತಾರೆ?"

ಅದನ್ನೂ ಬರೆದುಕೊಂಡರು. ಬಕೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಎತ್ತುತ್ತಾಳೆ, ಡಬ್ಬಿಯ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯುತ್ತಾಳೆ, ಪಾತ್ರೆ ತೊಳೆಯುವಾಗ ಒಡೆಯಬಾರದೆಂದು ಎಲ್ಲವೂ ಪ್ಲಾಸ್ಟಿಕ್ಕೇ. ಇದನ್ನು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

"ನನ್ನ ಎರಡು ಬೆರಳು ಹಿಡಿದು ಸಾಧ್ಯವಾದಷ್ಟು ಒತ್ತಿ."

ಓಜೆಲ್ಲಾ ಒತ್ತಿದಳು. ಕೆಲಸ ಹೇಳಿದರೆ ಮೈಗಳ್ಳತನ ಮಾಡಬಾರದೆಂದು ಬೆಳೆದವಳು. ಭುಜದಿಂದ ಒತ್ತಿದಳು. ಹಲ್ಲು ಕಚ್ಚಿ ಒತ್ತಿದಳು. ಹಣೆಯ ಪೌಡರಿನಲ್ಲಿ ಬೆವರು ಗೆರೆ ಎಳೆಯಿತು. ನಾನು ಅವಳ ಹ್ಯಾಟು ಮಡಿಲಲ್ಲಿಟ್ಟುಕೊಂಡು ಗೋಡೆ ಗಡಿಯಾರ ನೋಡುತ್ತಿದ್ದೆ. ಎಲ್ಲ ಸೇರಿ ಒಂಬತ್ತು ನಿಮಿಷ.

ವರದಿ ಬಂತು. "ತನಗೆ ಯಾವ ಕೊರತೆಯೂ ಇಲ್ಲವೆಂದು ಹೇಳುತ್ತಾಳೆ. ಮನೆಗೆಲಸವೆಲ್ಲ ಮಾಡುತ್ತಾಳೆ. ಹಿಡಿತ ಸಮರ್ಪಕ. ಸ್ವಭಾವ ಹಸನ್ಮುಖ." ನಾಲ್ಕನೇ ಸಾಲನ್ನು ಆಗಲೇ ಹೇಳಿದ್ದೇನೆ. ಎರಡನೇ ಬಾರಿಯೂ ಅರ್ಜಿ ವಜಾ. ಇನ್ನು ಉಳಿದದ್ದು ನ್ಯಾಯಾಧೀಶರ ಮುಂದೆ ಒಂದು ವಿಚಾರಣೆ.

ನಾನು ಊರಿನ ವಾರಪತ್ರಿಕೆಯಲ್ಲಿ ಮರಣವಾರ್ತೆ ಬರೆಯುತ್ತೇನೆ. ಹೆಸರು, ವಯಸ್ಸು, ತಾರೀಕು ಯಾವುದೂ ತಪ್ಪಬಾರದ ಕೆಲಸ. ಆ ವರದಿಯಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ನನಗೆ ಉರಿದದ್ದು ಅದಕ್ಕೇ.

ಆಮೇಲೆ ಪುರಾವೆ ಬೇಟೆ ಶುರುವಾಯಿತು. ತುರ್ತು ಚಿಕಿತ್ಸೆಗೆ ಹೋದೆವು. ಪ್ರಾಣಕ್ಕೆ ಅಪಾಯವಿಲ್ಲ ಎಂದು ನೋಡಿ, "ನಿಮ್ಮ ಡಾಕ್ಟರನ್ನು ಕಾಣಿರಿ" ಎಂಬ ಕಾಗದ ಕೊಟ್ಟು ಕಳಿಸಿದರು. ನರದ ಪರೀಕ್ಷೆಗೆ ದೊಡ್ಡ ಊರಿಗೆ ಫೋನು ಮಾಡಿದೆವು. ಮೊದಲೇ ಸಾವಿರದ ನೂರು ಡಾಲರ್ ಕಟ್ಟಬೇಕೆಂದರು. "ಮುಟ್ಟಿದ್ರೆ ಗೊತ್ತಾಗಲ್ಲ ಅಂತ ನನಗೆ ಆಗಲೇ ಗೊತ್ತು. ಅದು ಅವರಿಗೆ ಗೊತ್ತಾಗೋಕೆ ಸಾವಿರದ ನೂರಾ?" ಎಂದಳು ಓಜೆಲ್ಲಾ. ವಕೀಲರು ಕಡತ ಬಿಡಿಸಿ, ಮುಚ್ಚಿ, ಇದರಲ್ಲಿ ಡಾಕ್ಟರರ ಕಾಗದ ತುಂಬಿದ ಮೇಲೆ ಬನ್ನಿ ಎಂದರು. ಕೊನೆಗೆ ವಕೀಲರಿಲ್ಲದೆ ನಾನೇ ಅವಳ ಪ್ರತಿನಿಧಿ ಎಂದು ಸಹಿ ಹಾಕಿದೆ. ಆ ಹೊತ್ತಿಗೆ ಓಜೆಲ್ಲಾಳ ಬಳಿ "ನಿಮ್ಮ ಡಾಕ್ಟರನ್ನು ಕಾಣಿರಿ" ಎಂಬ ಕಾಗದಗಳು ಐದಾಗಿದ್ದವು.

"ಈ ನನ್ನ ಡಾಕ್ಟರು ಯಾರು ಅಂತ ಎಲ್ಲರಿಗೂ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ" ಎಂದಳು. "ಒಂದಿನ ಬೀದೀಲಿ ಸಿಕ್ಕಿದ್ರೆ ಹಿಡ್ಕೊಂಡು ಬಿಡ್ತೀನಿ."

ಮಾರ್ಚ್ ತಿಂಗಳ ಎರಡನೇ ಶನಿವಾರ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ವರ್ಷಕ್ಕೊಮ್ಮೆ ನಡೆಯುವ ಉಚಿತ ಶಿಬಿರವಿತ್ತು. ಬೇರೆ ಬೇರೆ ಊರುಗಳಿಂದ ಡಾಕ್ಟರುಗಳು ಬಂದು ಹಲ್ಲು ಕೀಳುತ್ತಾರೆ, ಕನ್ನಡಕ ಕೊಡುತ್ತಾರೆ. ಬೆಳಿಗ್ಗೆ ಆರೂವರೆಗೆ ಓಜೆಲ್ಲಾಳಿಗೆ ಉಡಿಸಲು ಹೋದೆ. ಬಾಗಿಲು ಒಳಗಿನಿಂದ ಹಾಕಿತ್ತು.

"ಓಜೆಲ್ಲಾ, ತೆಗಿಯೇ. ಹೊತ್ತಾಯ್ತು."

"ನೀನು ಬರಬೇಡ. ಇವತ್ತು ನನಗೆ ಯಾರೂ ಉಡಿಸೋದು ಬೇಡ."

"ಹಾಗಂದ್ರೆ?"

"ಆರು ಗಂಟೆಯಿಂದ ಕೂತಿದ್ದೀನಿ. ಎರಡು ಗುಂಡಿ ಹಾಕಿದ್ದೀನಿ. ಇನ್ನು ನನ್ನ ಕೈಲಿ ಆಗಲ್ಲ. ಆಗದೇ ಇರೋದನ್ನೇ ಅವರಿಗೆ ತೋರಿಸೋಣ ಅಂತ."

ಅವಳು ಹೊರಬಂದಳು. ಒಳಗೆ ಲಂಗ, ಮೇಲೆ ನೇರಳೆ ಗೌನು. ಸೊಂಟದ ಬಳಿ ಎರಡು ಗುಂಡಿ ಬಿಟ್ಟರೆ ಮೇಲೂ ಕೆಳಗೂ ಬಾಯಿ ಬಿಟ್ಟಿತ್ತು. ಕೂದಲು ಒಂದು ಕಡೆ ಕಟ್ಟಿತ್ತು, ಇನ್ನೊಂದು ಕಡೆ ಅವಳ ಮಾತು ಕೇಳಿರಲಿಲ್ಲ. ತುಟಿಯ ಬಣ್ಣ ಗಲ್ಲದವರೆಗೆ ಹೋಗಿತ್ತು. ನನ್ನ ಕೈ ತಾನಾಗಿ ಗುಂಡಿಯತ್ತ ಹೋಯಿತು. ಅವಳು ಹೊಡೆದು ದೂರ ಮಾಡಿದಳು.

"ನಿನ್ನ ಬೆರಳು ಒಂದು ಸಲ ನನ್ನ ಕೇಸು ಕೆಡಿಸಿದೆ. ಜೇಬಲ್ಲಿಟ್ಕೋ."

ಇಡೀ ಊರು ಸಾಲಿನಲ್ಲಿ ನಿಂತಿತ್ತು. ಅವಳ ಜೊತೆ ಮೀನು ಕೊಯ್ದವರು, ಅವಳ ಜೊತೆ ಚರ್ಚಿನಲ್ಲಿ ಹಾಡಿದವರು. ಕೆಲವರು ಮುಖ ತಿರುಗಿಸಿಕೊಂಡರು. ಹಲ್ಲುನೋವಿನ ಕೆನ್ನೆ ಹಿಡಿದುಕೊಂಡಿದ್ದ ಒಬ್ಬ ಕೇಳಿಯೇಬಿಟ್ಟ: "ಮಿಸ್ ಓಜೆಲ್ಲಾ, ಮನೆಗೆ ಬೆಂಕಿ ಗಿಂಕಿ ಬಿತ್ತಾ?"

"ಇಲ್ಲ ಕಣಪ್ಪಾ. ಡಾಕ್ಟ್ರ ಹತ್ರ ಹೊರಟಿದ್ದೀನಿ. ಹೋದ ಸಲ ಅಲಂಕಾರ ಉಟ್ಕೊಂಡು ಹೋಗಿದ್ದೆ, ಈ ಸಲ ನಿಜ ಉಟ್ಕೊಂಡು ಹೊರಟಿದ್ದೀನಿ."

ಹೇಳಿದಳು, ನಕ್ಕಳು. ಆದರೆ ಮೂರು ಗಂಟೆ ಕಾಯುವಷ್ಟೂ ಹೊತ್ತು ಮೊಣಕೈಯಿಂದ ಗೌನಿನ ಅಂಚನ್ನು ಎದೆಗೆ ಒತ್ತಿ ಹಿಡಿದೇ ನಿಂತಿದ್ದಳು.

ಅವಳ ಸಂಖ್ಯೆ ಎಂಬತ್ತಮೂರು. ನೋಡಿದವರು ಮಿಸ್ ಫಾರಿಸ್, ಡಾಕ್ಟರರಂತೆಯೇ ಪರೀಕ್ಷೆ ಮಾಡಿ ಬರೆದುಕೊಡಲು ಪರವಾನಗಿಯಿರುವ ನರ್ಸು. ನಲವತ್ತರ ಹೆಂಗಸು, ಕಣ್ಣ ಕೆಳಗೆ ಕಪ್ಪು. ನಾವು ಕೂರುವ ಮೊದಲೇ ಮೇಜಿನ ಮೇಲಿನ ರಟ್ಟನ್ನು ತೋರಿಸಿದರು. 'ಅಂಗವಿಕಲತೆಯ ಫಾರಂಗಳನ್ನು ಇಲ್ಲಿ ತುಂಬಿಕೊಡಲಾಗುವುದಿಲ್ಲ.'

"ಓದಿದೆ ಮ್ಯಾಮ್" ಎಂದಳು ಓಜೆಲ್ಲಾ. "ನಾನು ಫಾರಂ ತಂದಿಲ್ಲ. ಗೌನು ತಂದಿದ್ದೀನಿ."

"ಏನು ತೊಂದರೆ?"

"ಹನ್ನೆರಡು ಗುಂಡಿ."

ಮಿಸ್ ಫಾರಿಸ್ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಎರಡು ವರ್ಷದಲ್ಲಿ ಅವಳನ್ನು ಕಣ್ಣೆತ್ತಿ ನೋಡಿದ ಮೊದಲ ವೈದ್ಯಕೀಯ ವ್ಯಕ್ತಿ ಇವರು.

"ಹೇಗಿದ್ದೀರಿ?" ಎಂದರು.

ಓಜೆಲ್ಲಾ ಬಾಯಿ ತೆರೆದಳು. ದೇವರ ದಯೆ ನಾಲಿಗೆಯ ತುದಿಗೆ ಬಂದಿತ್ತು, ನಾನು ನೋಡಿದೆ. ಅದನ್ನು ನುಂಗಿದಳು. "ಚೆನ್ನಾಗಿಲ್ಲ ಮ್ಯಾಮ್" ಎಂದಳು. ಆ ಎರಡು ಪದ ಹೇಳುವುದು ಅವಳಿಗೆ ಲಂಗದಲ್ಲಿ ಸಾಲು ನಿಂತದ್ದಕ್ಕಿಂತ ಕಷ್ಟವಾಯಿತು.

ಅಲ್ಲಿ ಯಂತ್ರವಿರಲಿಲ್ಲ. ಮಿಸ್ ಫಾರಿಸ್ ಕಾಗದಗಳಿಂದ ಒಂದು ಜೆಮ್ ಕ್ಲಿಪ್ ಕಿತ್ತು, ಬಿಡಿಸಿ, ಎರಡು ತುದಿ ಪಕ್ಕಪಕ್ಕ ಬರುವಂತೆ ಬಗ್ಗಿಸಿದರು. "ಕಣ್ಣು ಮುಚ್ಚಿ. ಒಂದು ತುದಿ ಚುಚ್ಚುತ್ತಿದೆಯೋ ಎರಡೋ ಹೇಳಿ."

ಹೆಬ್ಬೆರಳು. "ಗೊತ್ತಾಗ್ತಿಲ್ಲ." ತೋರುಬೆರಳು. "ಶುರು ಮಾಡಿದ್ರಾ?" ನಡುಬೆರಳು. "ಒಂದಿರಬೇಕು." ಮೂರಕ್ಕೂ ಎರಡು ತುದಿ ಒತ್ತಿದ್ದರು. ಹೆಬ್ಬೆರಳಲ್ಲಿ ಗುರುತು ಬಿದ್ದಿತ್ತು. ಆಮೇಲೆ ಕಿರುಬೆರಳಿಗೆ ಮೆಲ್ಲಗೆ ಮುಟ್ಟಿಸಿದರು.

"ಎರಡು!" ಎಂದಳು ಓಜೆಲ್ಲಾ ತಕ್ಷಣ.

ಮಿಸ್ ಫಾರಿಸ್ ಹುಬ್ಬೇರಿಸಿದರು. ಹೆಬ್ಬೆರಳ ಕಡೆಯ ನರ ಬೇರೆ, ಕಿರುಬೆರಳಿನ ನರ ಬೇರೆ. ನಟಿಸುವವರು ಐದೂ ಬೆರಳು ಸತ್ತಿವೆ ಎನ್ನುತ್ತಾರೆ. "ಕಿರುಬೆರಳಿನ ವಿಷಯ ನಿಮಗೆ ಯಾರಾದರೂ ಹೇಳಿಕೊಟ್ಟಿದ್ದಾರಾ?"

"ಅದರ ವಿಷಯ ನನಗೇ ಗೊತ್ತು ಮ್ಯಾಮ್. ಇಪ್ಪತ್ತಮೂರು ವರ್ಷ ಕೆಲಸ ಮಾಡದೆ ಸಂಬಳ ತಗೊಂಡಿದ್ದು ಅದೊಂದೇ ಬೆರಳು."

ಮಿಸ್ ಫಾರಿಸ್ ನಗಲಿಲ್ಲ. ಅವರ ಕತ್ತು ಕೆಂಪಾಗುತ್ತಾ ಬಂತು. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಮೂರನೇ ಗುಂಡಿ ಹಾಕಿ ನೋಡೋಣ ಎಂದರು. ನಾಲ್ಕು ನಿಮಿಷ ಹತ್ತು ಸೆಕೆಂಡು. ಹಿಂದೆ ಎಂಬತ್ತನಾಲ್ಕನೇ ಸಂಖ್ಯೆಯವನು ಗೊಣಗಿದ. ಅವರು ಎರಡು ಪುಟ ಬರೆದರು. ಹೆಬ್ಬೆರಳ ಬುಡದ ಗುಳಿ ಎಷ್ಟು, ಯಾವ ಬೆರಳು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕ್ಲಿಪ್ಪಿನ ತುದಿಗಳ ನಡುವಿನ ಅಂತರ ಎಷ್ಟು ಮಿಲಿಮೀಟರ್, ಒಂದು ಗುಂಡಿಗೆ ಎಷ್ಟು ಹೊತ್ತು. ಸಹಿ, ಪರವಾನಗಿ ಸಂಖ್ಯೆ. ಅದರ ಒಂದು ನಕಲನ್ನು ಓಜೆಲ್ಲಾಳ ಮೊಣಕೈ ಸಂದಿಗೆ ಸಿಕ್ಕಿಸಿದರು.

"ಇದು ಫಾರಂ ಅಲ್ಲ. ಗೊತ್ತಾಯ್ತಲ್ಲ? ನನ್ನ ರೋಗಿಯ ಪರೀಕ್ಷೆಯ ದಾಖಲೆ."

"ಅಯ್ಯೋ, ಫಾರಂ ಎಲ್ಲಿಂದ ಬಂತು ಮ್ಯಾಮ್. ಫಾರಂ ಅಂದ್ರೇನು ಅಂತಾನೇ ನಮಗೆ ಗೊತ್ತಿಲ್ಲ."

ಮನೆಗೆ ಬಂದು ಓದಿದಾಗ ನನಗೆ ಒಂದು ಕೊರತೆ ಕಂಡಿತು. ಕಾಗದದ ಮೇಲೆ ಅವಳ ಕೈಗೆ ಒಂದೇ ದಿನದ ವಯಸ್ಸು. ಎಂದಿನಿಂದ ಹೀಗಿದೆ ಎಂದು ನ್ಯಾಯಾಧೀಶರು ಕೇಳಿದರೆ? ಕೆಲಸ ಬಿಟ್ಟ ದಿನದಿಂದ ಎನ್ನುವುದಕ್ಕೆ ತಾರೀಕು ಸಮೇತ ಯಾರು ಬರೆದಿಟ್ಟಿದ್ದಾರೆ?

ಓಜೆಲ್ಲಾ ಸ್ವಲ್ಪ ಯೋಚಿಸಿ ನಕ್ಕಳು. "ನನ್ನ ಮೇಲೆ ಚಾಡಿ ಬರೆದಿಡೋರು ಒಬ್ಬರಿದ್ದಾರಲ್ಲ."

ಮದರ್ ಈಸ್ಟರ್ ಬೆಲ್ ನಮ್ಮ ನ್ಯೂ ಗಿಲ್ಯಾಡ್ ಚರ್ಚಿನ ನರ್ಸುಗಳ ಸಂಘದ ಮುಖ್ಯಸ್ಥೆ. ವಯಸ್ಸು ಎಪ್ಪತ್ತೆಂಟು. ಬಿಳಿ ಉಡುಪು, ಬಿಳಿ ಬೂಟು, ಬಿಳಿ ಟೋಪಿ. ಹಾಡಿನ ಆವೇಶದಲ್ಲಿ ಬಿದ್ದವರಿಗೆ ಬೀಸಣಿಗೆ ಬೀಸುವುದು, ನೀರು ಕೊಡುವುದು, ಭಾನುವಾರ ಎಲ್ಲರ ರಕ್ತದೊತ್ತಡ ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಅವರು ಒಂದು ದಿನವೂ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಲ್ಲ. ಮೂವತ್ತೊಂದು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದವರು. ಅದು ಎಲ್ಲರಿಗೂ ಗೊತ್ತು. ಯಾರೂ ಹೇಳುವುದಿಲ್ಲ. ಬಲಿಪೀಠದ ಬಿಳಿ ಮೇಜುಬಟ್ಟೆ ಒಗೆಯುವವರೂ ಅವರೇ. ಹಾಗಾಗಿ ಪುಸ್ತಕದ ಹಿಂಭಾಗದಲ್ಲಿ ಇನ್ನೊಂದು ಪಟ್ಟಿ ಇತ್ತು: ಪ್ರಭುಭೋಜನದ ದಿನ ದ್ರಾಕ್ಷಾರಸ ಚೆಲ್ಲಿದವರ ಪಟ್ಟಿ. ತಾರೀಕು, ಹೆಸರು, ಕಾರಣ.

ನಾಲ್ಕು ವರ್ಷಗಳಲ್ಲಿ ಓಜೆಲ್ಲಾಳ ಹೆಸರು ಹನ್ನೊಂದು ಬಾರಿ. "ಸಿಸ್ಟರ್ ಓಜೆಲ್ಲಾ ಬಟ್ಟಲು ಬೀಳಿಸಿದರು." ಹನ್ನೊಂದಕ್ಕೂ ಕಾರಣ ಒಂದೇ: "ಅಜಾಗರೂಕತೆ."

"ಮದರ್, ನೀವು ನನ್ನ ಪಾಲಿನ ದೇವತೆ" ಎಂದಳು ಓಜೆಲ್ಲಾ. "ಆದ್ರೆ ಆ ಕೊನೇ ಪದ ಒಂದು..."

"ಏನಾಗಿದೆ ಅದಕ್ಕೆ?"

"ಒಂದು ಗೆರೆ ಎಳೆದುಬಿಟ್ರೆ..."

"ನನ್ನ ಪುಸ್ತಕದಲ್ಲಿ ಗೀಚೋದಿಲ್ಲ ಮಗಳೇ. ಅವತ್ತು ಏನು ಕಂಡಿತೋ ಅವತ್ತು ಬರೆದಿದ್ದೀನಿ. ಹನ್ನೊಂದು ಸಲ ಮೇಜುಬಟ್ಟೆ ಒಗೆದಿದ್ದೀನಿ. ದ್ರಾಕ್ಷಿ ಕಲೆ ನಿಂಬೆಹಣ್ಣಿಗೂ ಬಗ್ಗಲ್ಲ, ಗೊತ್ತಾ ನಿನಗೆ? ನೋವಿತ್ತು ಅಂದ್ರೆ ಹೇಳಬೇಕಾಗಿತ್ತು. ಪ್ರತಿ ಭಾನುವಾರ ಕೈ ಹಿಡಿದು ಕೇಳಿದ್ದೀನಿ, ಹೇಗಿದ್ದೀಯಾ ಅಂತ. ಏನಂದೆ?"

ಓಜೆಲ್ಲಾ ನೆಲ ನೋಡಿದಳು. "ದೇವರ ದಯೆ ಅಂದೆ."

"ಅಂದ್ಯಲ್ಲ."

ಬರೆದದ್ದನ್ನು ತಿದ್ದಬಾರದೆಂಬುದು ಮರಣವಾರ್ತೆ ಬರೆಯುವವಳ ನಿಯಮವೂ ಹೌದು. ಪುಟಗಳನ್ನು ನಮ್ಮ ಪತ್ರಿಕೆಯ ಕಚೇರಿಯಲ್ಲಿ ನಕಲು ಮಾಡಿಸಿದೆ. ಮದರ್ ಈಸ್ಟರ್ ಪುಸ್ತಕವನ್ನು ಯಂತ್ರದ ಮೇಲೆ ತಾವೇ ಇಟ್ಟು, ತಾವೇ ತೆಗೆದುಕೊಂಡರು.

ಸೆಪ್ಟೆಂಬರಿನಲ್ಲಿ ವಿಚಾರಣೆ. ಕಿಟಕಿಯಿಲ್ಲದ ಕೋಣೆ, ಗೋಡೆಯ ಮೇಲೆ ಪರದೆ, ಪರದೆಯಲ್ಲಿ ಬೇರೆ ಊರಿನ ನ್ಯಾಯಾಧೀಶರು. ಎಲ್ಲವೂ ಧ್ವನಿಮುದ್ರಣವಾಗುತ್ತದೆ. ನಲವತ್ತು ನಿಮಿಷ ಗೊತ್ತುಮಾಡಿದ್ದಾರೆಂದು ಗುಮಾಸ್ತೆ ಮೊದಲೇ ಹೇಳಿದ್ದಳು. ಮದರ್ ಈಸ್ಟರ್ ಪೂರ್ತಿ ಬಿಳಿ ಉಡುಪಿನಲ್ಲಿ ಬಂದು, ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತರು. ಸಾಕ್ಷಿ ಹೇಳುತ್ತೇನೆ ಎಂದು ತಾವಾಗಿ ಬಂದವರು. ಏನು ಹೇಳುತ್ತೀರಿ ಎಂದರೆ, "ಕೇಳಿದವರಿಗೆ ಹೇಳ್ತೀನಿ" ಎಂದಿದ್ದರು.

ನ್ಯಾಯಾಧೀಶರು ಒರಟರಲ್ಲ. ಹನ್ನೊಂದು ಸಾಲಿನ ವರದಿಯಿಂದ ಓದಿದರು. "ಮಿಸ್ ಟ್ರಿಪ್ಲೆಟ್, ಡಾಕ್ಟರ್ ಪ್ರೂಯಿಟ್ ನಿಮ್ಮ ಗುಂಡಿಗಳೆಲ್ಲ ಸರಿಯಾಗಿ ಹಾಕಿದ್ದವು ಎಂದು ಬರೆದಿದ್ದಾರೆ. ಶಿಬಿರದಲ್ಲಿ ಒಂದು ಗುಂಡಿಗೆ ನಾಲ್ಕು ನಿಮಿಷ ಎಂದಿದೆ. ಯಾವುದನ್ನು ನಂಬಲಿ?"

ಓಜೆಲ್ಲಾ ಎದ್ದಳು. ಮೇಲಿನ ಕೋಟು ಜಾರಿಸಿದಳು. ಒಳಗೆ ನೇರಳೆ ಗೌನು, ಹದಿನಾಲ್ಕೂ ಗುಂಡಿ ಬಿಚ್ಚಿದ್ದವು.

"ಯಾರ ಮಾತೂ ನಂಬಬೇಡಿ ಸರ್. ಅದೇ ಗೌನು, ಅದೇ ಗುಂಡಿ. ನಿಮ್ಮ ಹತ್ರ ಗಡಿಯಾರ ಇದೆ."

"ಅದರ ಅಗತ್ಯ..."

"ಇದೆ ಸರ್. ಎರಡು ವರ್ಷದಿಂದ ಎಲ್ಲರೂ ಪುರಾವೆ ತಗೊಂಡು ಬಾ ಅಂದ್ರು. ತಂದಿದ್ದೀನಿ. ನೋಡಿ."

ಅವಳು ಶುರು ಮಾಡಿದಳು. ಗುಂಡಿ ಸಿಕ್ಕಿದೆಯೇ ಎಂದು ಬೆರಳಿಗೆ ತಿಳಿಯದು, ಕಣ್ಣಿನಿಂದ ನೋಡಬೇಕು. ಕುತ್ತಿಗೆಯ ಗುಂಡಿ ಕಣ್ಣಿಗೆ ಕಾಣದು. ಹಿಡಿದಳು, ಜಾರಿತು. ಹಿಡಿದಳು, ಜಾರಿತು. ಉಂಗುರದ ಬೆರಳು ಸಿಕ್ಕಿಕೊಂಡಿತು, ಎಡಗೈಯಿಂದ ಎಳೆದಳು. ಟಕ್. ಆ ಸದ್ದು ಧ್ವನಿಮುದ್ರಣದಲ್ಲಿದೆ. ಗುಮಾಸ್ತೆಯ ಕೈ ಒಮ್ಮೆ ಸಹಾಯಕ್ಕೆ ಎದ್ದಿತು. ಓಜೆಲ್ಲಾ ನೋಡಿದ ನೋಟಕ್ಕೆ ಕೆಳಗಿಳಿಯಿತು. ನ್ಯಾಯಾಧೀಶರು ಎರಡು ಬಾರಿ ಗಂಟಲು ಸರಿಮಾಡಿಕೊಂಡರು, ತಡೆಯಲಿಲ್ಲ. ಹತ್ತೊಂಬತ್ತು ನಿಮಿಷ. ಐದು ಗುಂಡಿ. ಅದರಲ್ಲಿ ಒಂದು ಪಕ್ಕದ ತೂತಿಗೆ.

ಆಮೇಲೆ ಸರ್ಕಾರದ ಉದ್ಯೋಗ ತಜ್ಞ ಫೋನಿನಲ್ಲಿ ಮಾತಾಡಿದ. ಈ ವಯಸ್ಸಿನವರು ಗೋಡಂಬಿ, ಬಾದಾಮಿ ಆರಿಸುವ ಕೆಲಸ ಮಾಡಬಹುದು ಎಂದ. ಅಂಥ ಕೆಲಸ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಕೇಳಿದೆ. ದೇಶದಲ್ಲಿ ಎಲ್ಲಾದರೂ ಇದ್ದರೆ ಸಾಕು, ಕಾನೂನು ಹಾಗಿದೆ ಎಂದ. ಹೆಬ್ಬೆರಳು ಮತ್ತು ಎರಡು ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ? ಎಂದೆ.

"ಹಾಗಿದ್ದರೆ ಯಾವ ಕೆಲಸವೂ ಇಲ್ಲ" ಎಂದ.

ಮದರ್ ಈಸ್ಟರ್ ಎದ್ದು ನಿಂತರು. ನ್ಯಾಯಾಧೀಶರು ಗಡಿಯಾರ ನೋಡಿದರು. "ಕ್ಷಮಿಸಿ ನರ್ಸಮ್ಮ, ಸಮಯ ಮುಗಿದಿದೆ. ನಿಮ್ಮ ಪುಸ್ತಕದ ಪ್ರತಿ ಕಡತದಲ್ಲಿದೆ. ಅಷ್ಟು ಸಾಕು."

"ನಾನು ನರ್ಸಲ್ಲ ಸರ್, ಅಡುಗೆಯವಳು. ಮತ್ತೆ ಆ ಪುಸ್ತ—"

ಪರದೆ ನೀಲಿಯಾಯಿತು. ಮನೆಯವರೆಗೂ ಮದರ್ ಈಸ್ಟರ್ ಪುಸ್ತಕವನ್ನು ಎದೆಗೊತ್ತಿ ಹಿಡಿದುಕೊಂಡಿದ್ದರು.

ನವೆಂಬರಿನಲ್ಲಿ ತೀರ್ಪು ಬಂತು. ಓಜೆಲ್ಲಾ ಟ್ರಿಪ್ಲೆಟ್ ಅಂಗವಿಕಲೆ ಹೌದು. ಯಾವಾಗಿನಿಂದ? ಮಾರ್ಚ್ ತಿಂಗಳ ಎರಡನೇ ಶನಿವಾರದಿಂದ. ಅದಕ್ಕೂ ಮೊದಲಿನ ವೈದ್ಯಕೀಯ ದಾಖಲೆ ಇಲ್ಲ. ಚರ್ಚಿನ ಪುಸ್ತಕದಲ್ಲಿ ಬಟ್ಟಲು ಬಿದ್ದ ದಿನಗಳಿವೆ, ಆದರೆ ಅದೇ ಪುಸ್ತಕ 'ಅಜಾಗರೂಕತೆ' ಎಂದು ಕಾರಣ ಕೊಡುತ್ತದೆ. ಅಂದರೆ ಇಪ್ಪತ್ತಮೂರು ವರ್ಷ ಚಾಕು ಹಿಡಿದ ಕೈ ಕೆಟ್ಟದ್ದು ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಒಬ್ಬರು ಅದನ್ನು ಬರೆದುಕೊಂಡ ಗಳಿಗೆಯಲ್ಲಿ. ಹಿಂದಿನ ಎರಡು ವರ್ಷದ ಪಿಂಚಣಿ ಇಲ್ಲ. ಸಾಬೀತಾದರೂ ಅಂಗವಿಕಲರ ಸರ್ಕಾರಿ ವಿಮೆ ಶುರುವಾಗುವುದು ಆ ಶನಿವಾರದಿಂದ ಎರಡೂವರೆ ವರ್ಷದ ನಂತರ, ಕಾನೂನು ಹಾಗಿದೆ. ಅಲ್ಲಿಯವರೆಗೆ ಕೈಗೆ ಶಸ್ತ್ರಚಿಕಿತ್ಸೆ ಇಲ್ಲ.

ನಾನು ಎರಡು ಬಾರಿ ಓದಿ ಹೇಳಿದೆ. ಓಜೆಲ್ಲಾ ಗಹಗಹಿಸಿ ನಗತೊಡಗಿದಳು.

"ಹಾಗಾದ್ರೆ ಶುಕ್ರವಾರ ನನ್ನ ಕೈ ಚೆನ್ನಾಗಿತ್ತು! ಮೊದಲೇ ಗೊತ್ತಿದ್ದಿದ್ರೆ ಶುಕ್ರವಾರ ಪಿಯಾನೋ ಬಾರಿಸ್ತಿದ್ದೆ ಕಣೇ." ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹಿಂಗೈಯಿಂದ ಒರೆಸಿಕೊಂಡಳು, ಬೆರಳಿಂದ ಆಗುವುದಿಲ್ಲ. ಆಮೇಲೆ ನಗು ನಿಂತಿತು. "ಇಪ್ಪತ್ತಮೂರು ವರ್ಷ ದೇವರ ದಯೆ ದೇವರ ದಯೆ ಅಂದೆ. ನೋವನ್ನ ಒಬ್ಬರೂ ಬರ್ಕೊಳ್ಳಲಿಲ್ಲ. ಇನ್ನು ಅನ್ನಲ್ಲ. ಹೇಗಿದ್ದೀಯಾ ಅಂತ ಯಾರು ಕೇಳ್ತಾರೋ ಅವರೇ ನನ್ನ ಸಾಕ್ಷಿ."

ತೀರ್ಪಿನ ಪುಟವನ್ನು ಮದರ್ ಈಸ್ಟರಿಗೆ ತೋರಿಸಿದೆ. ಅವರು 'ಅಜಾಗರೂಕತೆ' ಎಂಬ ಪದದ ಮೇಲೆ ಬೆರಳಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮುಂದಿನ ಭಾನುವಾರ ಓಜೆಲ್ಲಾ ನೇರಳೆ ಗೌನಿನಲ್ಲಿ, ತಾನೇ ಹಾಕಿಕೊಂಡ ಆರು ಗುಂಡಿಯಲ್ಲಿ ಚರ್ಚಿಗೆ ಬಂದಳು. ಬಾಗಿಲಲ್ಲಿ ಪಾದ್ರಿ ಎಲ್ಲರ ಕೈ ಕುಲುಕುತ್ತಿದ್ದರು.

"ಹೇಗಿದ್ದೀರಿ ಸಿಸ್ಟರ್ ಓಜೆಲ್ಲಾ?"

"ಪಾದ್ರಿಗಳೇ, ಕೇಳಿದ್ದು ಒಳ್ಳೇದಾಯ್ತು. ಸಮಯ ಇದೆಯಾ? ಮೊದಲು ಮರಗಟ್ಟಿದ್ದು ತೋರುಬೆರಳು. ಆಗ ನಾನು ಎರಡನೇ ಪಾಳೀಲಿದ್ದೆ..."

ಅವಳು ಕೈ ಬಿಡಲಿಲ್ಲ. ಬೆರಳು ಬೆರಳಾಗಿ, ವರ್ಷ ವರ್ಷವಾಗಿ ಹೇಳಿದಳು. ನರ್ಸು ಕೊಟ್ಟ ಮಾತ್ರೆ ಹೇಳಿದಳು, ಕೈ ಎತ್ತಿ ಮೂತ್ರಕ್ಕೆ ಹೋದದ್ದು ಹೇಳಿದಳು. ಹಿಂದೆ ಮೂವತ್ತು ಜನ ಮೆಟ್ಟಿಲ ಮೇಲೆ ನಿಂತರು. ಯಾರೋ "ಬೇಗ ಮುಗ್ಸಮ್ಮ, ಚಳಿ" ಎಂದರು. ಮೀನು ಪಾಳಿಯ ಹೆಂಗಸೊಬ್ಬಳು "ಹೇಳಲಿ ಬಿಡಿ, ಮುಂದಿನದು ನನ್ನದೂ ಇದೆ" ಎಂದು ತನ್ನ ಕೈಚೀಲವನ್ನು ಒಂದು ಮೊಣಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

ಮದರ್ ಈಸ್ಟರ್ ಒಳಗಿನಿಂದ ಬಂದು ಓಜೆಲ್ಲಾಳ ಎದುರು ನಿಂತರು. ಉಳಿದ ಎಂಟು ಗುಂಡಿಗಳನ್ನು ನೋಡಿದರು. ಹಾಕಲು ಕೈ ಚಾಚಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಪುಸ್ತಕದ ಹಿಂಭಾಗ ತೆರೆದು, ಹನ್ನೊಂದು ಸಾಲುಗಳ ಕೆಳಗೆ ಹನ್ನೆರಡನೆಯದನ್ನು ಬರೆದರು. ನಾನು ಭುಜದ ಮೇಲಿಂದ ಓದಿದೆ. ತಾರೀಕು ಸರಿಯಿತ್ತು. ಸಮಯ ಸರಿಯಿತ್ತು.

"ಸಿಸ್ಟರ್ ಓಜೆಲ್ಲಾ ಉತ್ತರ ಹೇಳಿದರು. ಆರಾಧನೆ ಹದಿನೇಳು ನಿಮಿಷ ತಡ. ಕಾರಣ: ಕೈ. ಮೇಲಿನ ಹನ್ನೊಂದಕ್ಕೂ ಇದೇ."